ಆರ್ಡರ್ ನಮೂನೆಯಲ್ಲಿ ಗ್ರಾಹಕರ ವಿಳಾಸ: ಕೇಳಬೇಕಾದುದೇನು, ಬಿಡಬೇಕಾದುದೇನು?

ಅಂತರಜಾಲದ ಮೂಲಕ ಸರಕು ಮಾರುವ ಪದ್ಧತಿಯು ಇಂದು ದೊಡ್ಡ ಸಂಸ್ಥೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿ, ಚನ್ನಪಟ್ಟಣದ ಗೊಂಬೆ ತಯಾರಕ, ಕೊಡಗಿನ ಕಾಫಿ ಪುಡಿ ಮಾರಾಟಗಾರ, ಪೀಣ್ಯದ ಬಿಡಿಭಾಗಗಳ ಘಟಕ ಹೀಗೆ ಎಲ್ಲ ಬಗೆಯ ಉದ್ಯಮಿಗಳೂ ತಮ್ಮದೇ ಆದ ಜಾಲತಾಣದಲ್ಲಿ ಆರ್ಡರ್ ಪಡೆಯತೊಡಗಿದ್ದಾರೆ. ಆದರೆ ಸರಕಿನ ಛಾಯಾಚಿತ್ರ, ದರಪಟ್ಟಿ ಮತ್ತು ಹಣ ಪಾವತಿಯ ವ್ಯವಸ್ಥೆಗೆ ನೀಡುವ ಗಮನವನ್ನು, ಗ್ರಾಹಕರಿಂದ ವಿಳಾಸ ಬರೆಸಿಕೊಳ್ಳುವ ಪುಟಕ್ಕೆ ನೀಡುವವರು ವಿರಳ. ಜಾಲತಾಣವನ್ನು ಸಿದ್ಧಪಡಿಸಿಕೊಟ್ಟವರು ಇಟ್ಟ ಕಾಲಂಗಳೇ ಬಹುತೇಕ ಕಡೆ ಹಾಗೆಯೇ ಉಳಿದುಕೊಂಡಿರುತ್ತವೆ.

ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಒಂದು ಪೊಟ್ಟಣದ ಮೇಲೆ ಸಾಗಣೆ ವೆಚ್ಚ ಕಳೆದು 150 ರೂಪಾಯಿ ಲಾಭ ಉಳಿಯುತ್ತದೆಂದೂ, ಸಾಗಣೆಗೆ 70 ರೂಪಾಯಿ ತಗಲುತ್ತದೆಂದೂ ಇಟ್ಟುಕೊಳ್ಳಬಹುದು. ವಿಳಾಸ ಸಿಗದೆ ಆ ಪೊಟ್ಟಣ ಹಿಂತಿರುಗಿದರೆ, ಹೋಗುವ ಹಾಗೂ ಬರುವ ಬಾಡಿಗೆ ಸೇರಿ 140 ರೂಪಾಯಿ ಕೈಬಿಡುತ್ತದೆ. ಮತ್ತೊಂದು ಪೊಟ್ಟಣದ ಮಾರಾಟದಿಂದ ಬಂದ ಲಾಭದ ಬಹುಪಾಲು ಇದಕ್ಕೇ ಸರಿಹೋಗುತ್ತದೆ. ಸರಕು ಕೈಸೇರಿದ ಮೇಲೆ ಹಣ ಕೊಡುವ ವ್ಯವಸ್ಥೆಯಲ್ಲಿ ಮಾರಾಟವೇ ರದ್ದಾಗುತ್ತದೆ. ಇದಕ್ಕಿಂತಲೂ ಕಡಿಮೆ ಗಮನಕ್ಕೆ ಬರುವ ಇನ್ನೊಂದು ನಷ್ಟವೆಂದರೆ, ವಿಳಾಸದಲ್ಲಿ ರಾಜ್ಯ ತಪ್ಪಾಗಿ ದಾಖಲಾದ ಕಾರಣ ತಪ್ಪು ಶೀರ್ಷಿಕೆಯಲ್ಲಿ ಕಟ್ಟಿದ ತೆರಿಗೆ.

ವ್ಯಾಪಾರಿಯ ಮುಂದಿನ ಕೆಲಸಕ್ಕೆ ಯಾವ ಅಂಶ ಪ್ರತ್ಯೇಕವಾಗಿ ಬೇಕೋ ಅದನ್ನು ಮಾತ್ರ ಪ್ರತ್ಯೇಕ ಕಾಲಂನಲ್ಲಿ ಕೇಳಿ, ಉಳಿದ ಭಾಗವನ್ನು ಗ್ರಾಹಕರು ತಮ್ಮ ರೂಢಿಯಂತೆ ಬರೆಯಲು ಬಿಡುವುದೇ ಉತ್ತಮ ವಿಳಾಸ ನಮೂನೆಯ ಮೂಲ ನಿಯಮ. ಈ ನಿಯಮವನ್ನು ಒಂದೊಂದು ಕಾಲಂಗೂ ಅನ್ವಯಿಸಿ ನೋಡುವುದು ಉಪಯುಕ್ತ.

ಎರವಲು ಬಂದ ನಮೂನೆ

ಸಿದ್ಧ ತಂತ್ರಾಂಶಗಳೊಡನೆ ಬರುವ ವಿಳಾಸದ ನಮೂನೆಯಲ್ಲಿ ಬೀದಿಯ ಹೆಸರು, ಅಪಾರ್ಟ್‌ಮೆಂಟ್ ಸಂಖ್ಯೆ, ನಗರ, ರಾಜ್ಯ, ಜಿಪ್ ಸಂಕೇತ ಎಂಬ ಕ್ರಮವಿರುತ್ತದೆ. ಇದು ಅಮೆರಿಕದ ಪದ್ಧತಿ. ಅಲ್ಲಿ ಪ್ರತಿಯೊಂದು ಬೀದಿಗೂ ಹೆಸರು, ಪ್ರತಿಯೊಂದು ಮನೆಗೂ ಬೀದಿಯ ಲೆಕ್ಕದಲ್ಲಿ ಸಂಖ್ಯೆ ಇರುವುದರಿಂದ ಇಷ್ಟು ಕಾಲಂಗಳು ಸಾಕಾಗುತ್ತವೆ.

ನಮ್ಮ ನಾಡಿನ ವಿಳಾಸಗಳ ರಚನೆಯೇ ಬೇರೆ. ಬೆಂಗಳೂರಿನ ಬಡಾವಣೆಯ ವಿಳಾಸದಲ್ಲಿ ಮನೆಯ ಸಂಖ್ಯೆ, ಕ್ರಾಸ್, ಮೇನ್, ಬ್ಲಾಕ್, ಹಂತ ಇಷ್ಟೂ ಇರುತ್ತವೆ. ಮೈಸೂರಿನ ಹಳೆಯ ಭಾಗದಲ್ಲಿ ಮೊಹಲ್ಲಾದ ಹೆಸರಿಲ್ಲದೆ ವಿಳಾಸ ಪೂರ್ಣವಾಗದು. ಕರಾವಳಿ ಮತ್ತು ಕೊಡಗಿನಲ್ಲಿ ಮನೆಯ ಅಥವಾ ಎಸ್ಟೇಟಿನ ಹೆಸರೇ ಮುಖ್ಯ. ಕೈಗಾರಿಕಾ ಪ್ರದೇಶದಲ್ಲಿ ನಿವೇಶನ ಸಂಖ್ಯೆ, ಷೆಡ್ ಸಂಖ್ಯೆ, ಹಂತ ಬರುತ್ತವೆ. ಹಳ್ಳಿಯ ವಿಳಾಸದಲ್ಲಿ ಬೀದಿಯೂ ಇಲ್ಲ, ಮನೆಯ ಸಂಖ್ಯೆಯೂ ಇಲ್ಲ. ತಂದೆಯ ಹೆಸರು, ಊರು, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬುದೇ ಅಲ್ಲಿನ ಕ್ರಮ. ಪೋಸ್ಟ್‌ಮನ್ನನಿಗೆ ಇದು ಪೂರ್ಣ ವಿಳಾಸವೇ ಆಗಿದ್ದರೂ, 'ಬೀದಿಯ ಹೆಸರು ಕಡ್ಡಾಯ' ಎನ್ನುವ ನಮೂನೆಯ ದೃಷ್ಟಿಯಲ್ಲಿ ಅಪೂರ್ಣ.

ತನ್ನ ವಿಳಾಸದಲ್ಲಿ ಇಲ್ಲದ ಅಂಶವನ್ನು ಕಡ್ಡಾಯವಾಗಿ ಕೇಳಿದಾಗ ಗ್ರಾಹಕ ಎರಡರಲ್ಲಿ ಒಂದನ್ನು ಮಾಡುತ್ತಾನೆ: ಆರ್ಡರನ್ನೇ ಕೈಬಿಡುತ್ತಾನೆ, ಇಲ್ಲವೇ ಒಂದು ಚುಕ್ಕಿಯನ್ನೋ, 'ಇಲ್ಲ' ಎಂಬ ಪದವನ್ನೋ, ಊರಿನ ಹೆಸರನ್ನೇ ಮತ್ತೊಮ್ಮೆಯೋ ಬರೆದು ಮುಂದೆ ಸಾಗುತ್ತಾನೆ. ಹೀಗೆ ತುಂಬಿದ ಕಾಲಂ ಕಡತದಲ್ಲಿ ಪೂರ್ಣವಾಗಿ ಕಂಡರೂ ಪೊಟ್ಟಣವನ್ನು ತಲುಪಿಸುವಲ್ಲಿ ಯಾವ ನೆರವನ್ನೂ ನೀಡದು.

ಸೈನಿಕರ ವಿಳಾಸ ಈ ತೊಡಕಿನ ಸ್ಪಷ್ಟ ಉದಾಹರಣೆ. ಕೊಡಗು, ಬೆಳಗಾವಿ ಮೊದಲಾದ ಜಿಲ್ಲೆಗಳ ಅನೇಕರು ಸೇನೆಯಲ್ಲಿದ್ದಾರೆ. ಅವರ ವಿಳಾಸದಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು, ಘಟಕ, 56 ಎ.ಪಿ.ಓ. ಅಥವಾ 99 ಎ.ಪಿ.ಓ. ಮತ್ತು 9ರಿಂದ ಆರಂಭವಾಗುವ ಪಿನ್ ಇರುತ್ತದೆ. ನಗರವಾಗಲಿ ರಾಜ್ಯವಾಗಲಿ ಅದರಲ್ಲಿ ಇರುವುದಿಲ್ಲ. ಇಂತಹ ಪೊಟ್ಟಣಗಳನ್ನು ಖಾಸಗಿ ಕೊರಿಯರ್ ಮೂಲಕ ಕಳುಹಿಸಲಾಗದು, ಅಂಚೆಯ ಮೂಲಕವೇ ಕಳುಹಿಸಬೇಕು. ಆದ್ದರಿಂದ 9ರಿಂದ ಆರಂಭವಾಗುವ ಪಿನ್ ಬಂದೊಡನೆ ನಗರದ ಕಾಲಂನ ಕಡ್ಡಾಯವನ್ನು ತೆಗೆದು, ಅಂಚೆಯ ಸಾಗಣೆಯನ್ನೇ ಸೂಚಿಸುವಂತೆ ನಮೂನೆಯನ್ನು ರಚಿಸುವುದು ಸೂಕ್ತ.

ಪಿನ್ ಮೊದಲು

ಪ್ರತ್ಯೇಕವಾಗಿ ಕೇಳಲೇಬೇಕಾದ ಅಂಶಗಳಲ್ಲಿ ಮೊದಲನೆಯದು ಪಿನ್. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್ ಅವರು ರೂಪಿಸಿದ ಈ ಪದ್ಧತಿಯು 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಒಂದೇ ಹೆಸರಿನ ಹಲವು ಊರುಗಳು, ಹಲವು ಭಾಷೆಗಳ ಲಿಪಿಗಳು, ಒಂದೇ ಊರಿನ ಹೆಸರಿನ ಬಗೆಬಗೆಯ ಕಾಗುಣಿತಗಳು ಉಂಟುಮಾಡುತ್ತಿದ್ದ ಗೊಂದಲವನ್ನು ಅಂಕಿಗಳ ಮೂಲಕ ನಿವಾರಿಸುವುದು ಅದರ ಉದ್ದೇಶವಾಗಿತ್ತು. ಮೊದಲ ಅಂಕಿ ವಲಯವನ್ನೂ, ಮೊದಲ ಎರಡು ಅಂಕಿಗಳು ಉಪವಲಯವನ್ನೂ, ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನೂ, ಕೊನೆಯ ಮೂರು ಅಂಕಿಗಳು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ.

ಈ ರಚನೆಯ ಕಾರಣದಿಂದ ಪಿನ್ ಕಾಲಂ ಅನ್ನು ವಿಳಾಸದ ಕೊನೆಯಲ್ಲಿಡುವ ಬದಲು ಆರಂಭದಲ್ಲಿಡುವುದು ಲಾಭದಾಯಕ. ಆರು ಅಂಕಿ ತುಂಬಿದೊಡನೆ ರಾಜ್ಯ ಮತ್ತು ಜಿಲ್ಲೆಯನ್ನು ನಮೂನೆಯೇ ತುಂಬಬಹುದು. ಆ ಪ್ರದೇಶಕ್ಕೆ ಸಾಗಣೆ ಸೌಲಭ್ಯ ಇದೆಯೇ, ಎಷ್ಟು ದಿನ ಹಿಡಿಯುತ್ತದೆ, ವೆಚ್ಚವೆಷ್ಟು ಎಂಬುದನ್ನು ಆಗಲೇ ತಿಳಿಸಬಹುದು. ಇದಕ್ಕೆ ಬೇಕಾದ ಪಿನ್ ಪಟ್ಟಿಯು ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ.

ಆದರೆ ಪಿನ್ ಮೇಲೆ ಇಡುವ ಭರವಸೆಗೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದು, ಪಿನ್‌ಗಳ ಸಂಖ್ಯೆ ಸುಮಾರು 19 ಸಾವಿರ ಮಾತ್ರ. ಗ್ರಾಮಾಂತರ ಪ್ರದೇಶದಲ್ಲಿ ಒಂದು ಪಿನ್ ಅಡಿಯಲ್ಲಿ ಹಲವಾರು ಶಾಖಾ ಅಂಚೆ ಕಚೇರಿಗಳೂ, ಅವುಗಳಿಗೆ ಸೇರಿದ ಇನ್ನೂ ಹೆಚ್ಚಿನ ಹಳ್ಳಿಗಳೂ ಇರುತ್ತವೆ. ಪಟ್ಟಿಯಲ್ಲಿ ಮೊದಲು ಕಂಡ ಊರಿನ ಹೆಸರನ್ನು ನಮೂನೆಯು ತಾನಾಗಿಯೇ ತುಂಬಿ, ಅದನ್ನು ಬದಲಿಸಲು ಗ್ರಾಹಕರಿಗೆ ಅವಕಾಶ ಕೊಡದಿದ್ದರೆ ಪಕ್ಕದ ಹಳ್ಳಿಯ ವಿಳಾಸವೇ ಮುದ್ರಿತವಾಗುತ್ತದೆ.

ಎರಡನೆಯದಾಗಿ, ಪಿನ್‌ನ ಗಡಿ ಮತ್ತು ರಾಜ್ಯದ ಗಡಿ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ಪುದುಚೇರಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದ ಮಾಹೆಯ ಪಿನ್ 673310. ಅದರ ಮೊದಲ ಮೂರು ಅಂಕಿಗಳು ಕೇರಳದ ಕೋಯಿಕ್ಕೋಡ್‌ನವೇ. ಅದೇ ಪ್ರದೇಶದ ಯಾನಂನ ಪಿನ್ 533464. ಅದರ ಆರಂಭ ಆಂಧ್ರಪ್ರದೇಶದ ಗೋದಾವರಿ ಸೀಮೆಯದು. ಚಂಡೀಗಢದ 160ರಿಂದ ಆರಂಭವಾಗುವ ಪಿನ್‌ಗಳು ಪಂಜಾಬಿನ ಮೊಹಾಲಿಯಲ್ಲಿಯೂ ಇವೆ. ಆದಕಾರಣ ಮೊದಲ ಅಂಕಿಗಳನ್ನಷ್ಟೇ ನೋಡಿ ರಾಜ್ಯವನ್ನು ನಿರ್ಧರಿಸದೆ, ಪೂರ್ಣ ಆರು ಅಂಕಿಗಳನ್ನು ಪಟ್ಟಿಯೊಡನೆ ಹೋಲಿಸಬೇಕು. ನಮೂನೆ ತುಂಬಿದ ಉತ್ತರವನ್ನು ಗ್ರಾಹಕರು ತಿದ್ದುವಂತಿರಬೇಕು.

ಪಿನ್ ಕಾಲಂನ ಬಗ್ಗೆ ಇನ್ನೊಂದು ಸಣ್ಣ ಎಚ್ಚರಿಕೆ ಅಗತ್ಯ. ಹಲವರು ಮೂರು ಅಂಕಿಗಳ ನಂತರ ತೆರಪು ಬಿಟ್ಟು '560 001' ಎಂದು ಬರೆಯುತ್ತಾರೆ. ಕೆಲವರು ಕನ್ನಡ ಅಂಕಿಗಳಲ್ಲಿ '೫೬೦೦೦೧' ಎಂದು ಬರೆಯುತ್ತಾರೆ. ಇವೆರಡನ್ನೂ ತಪ್ಪೆಂದು ತಿರಸ್ಕರಿಸುವ ಬದಲು, ತೆರಪನ್ನು ತೆಗೆದು ಅಂಕಿಗಳನ್ನು ಬದಲಿಸಿಕೊಳ್ಳುವ ಕೆಲಸವನ್ನು ಗಣಕಯಂತ್ರಕ್ಕೇ ಬಿಡಬೇಕು. ಮೊಬೈಲ್ ಫೋನಿನಲ್ಲಿ ಈ ಕಾಲಂ ಮುಟ್ಟಿದೊಡನೆ ಅಂಕಿಗಳ ಕೀಲಿಮಣೆ ತೆರೆದುಕೊಳ್ಳುವಂತೆಯೂ ವ್ಯವಸ್ಥೆ ಮಾಡಬಹುದು.

ರಾಜ್ಯದ ಕಾಲಂ ಮತ್ತು ತೆರಿಗೆ

ಎರಡನೆಯ ಪ್ರತ್ಯೇಕ ಕಾಲಂ ರಾಜ್ಯದ್ದು. ಪೋಸ್ಟ್‌ಮನ್ನನಿಗೆ ಪಿನ್ ಸಾಕು. ರಾಜ್ಯದ ಹೆಸರು ಹೆಚ್ಚಾಗಿ ಬೇಕಾಗುವುದು ತೆರಿಗೆಯ ಲೆಕ್ಕಕ್ಕೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಬಳಿಕ, ಪೂರೈಕೆಯ ಸ್ಥಳ ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ತೆರಿಗೆಯ ಶೀರ್ಷಿಕೆ ನಿರ್ಧಾರವಾಗುತ್ತದೆ. ಕರ್ನಾಟಕದ ಮಾರಾಟಗಾರನ ಸರಕಿನ ಪೂರೈಕೆಯ ಸ್ಥಳ ಕರ್ನಾಟಕವೇ ಆದರೆ ಕೇಂದ್ರ ಮತ್ತು ರಾಜ್ಯ ತೆರಿಗೆ, ಬೇರೆ ರಾಜ್ಯವಾದರೆ ಸಮಗ್ರ ತೆರಿಗೆ.

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನೋಂದಣಿಯಿಲ್ಲದ ಗ್ರಾಹಕರಿಗೆ ಸರಕು ಪೂರೈಸಿದಾಗ ಬಿಲ್ಲಿನಲ್ಲಿ ದಾಖಲಾದ ಅವರ ವಿಳಾಸವೇ ಪೂರೈಕೆಯ ಸ್ಥಳವಾಗುತ್ತದೆ. ವಿಳಾಸ ದಾಖಲಾಗದಿದ್ದರೆ ಮಾರಾಟಗಾರನ ಸ್ಥಳವನ್ನೇ ಪರಿಗಣಿಸಲಾಗುತ್ತದೆ. ರಾಜ್ಯದ ಹೆಸರೊಂದನ್ನು ನಮೂದಿಸಿದರೂ ವಿಳಾಸ ದಾಖಲಿಸಿದಂತೆಯೇ. ಬಿಲ್ಲಿನ ವಿಳಾಸ ಒಂದು ರಾಜ್ಯದ್ದು, ಸರಕು ತಲುಪಬೇಕಾದ ವಿಳಾಸ ಇನ್ನೊಂದು ರಾಜ್ಯದ್ದು ಆಗಿದ್ದಲ್ಲಿ, ಇಂತಹ ಗ್ರಾಹಕರ ವಿಷಯದಲ್ಲಿ ಸರಕು ತಲುಪುವ ವಿಳಾಸವನ್ನೇ ಪರಿಗಣಿಸಬೇಕೆಂದು 2024ರ ಜೂನ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ.

ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. ಪುಣೆಯಲ್ಲಿ ನೆಲೆಸಿರುವ ಮಹಿಳೆಯೊಬ್ಬರು ಬೆಳಗಾವಿಯಲ್ಲಿರುವ ತಾಯಿಗೆಂದು ಇಳಕಲ್ಲಿನ ವ್ಯಾಪಾರಿಯಿಂದ ಸೀರೆ ತರಿಸುತ್ತಾರೆ. ಹಣ ಕೊಡುವವರು ಮಹಾರಾಷ್ಟ್ರದವರಾದರೂ ಸರಕು ತಲುಪುವುದು ಕರ್ನಾಟಕದಲ್ಲಿ. ಆದ್ದರಿಂದ ಕೇಂದ್ರ ಮತ್ತು ರಾಜ್ಯ ತೆರಿಗೆ ಅನ್ವಯವಾಗುತ್ತದೆ. ಇನ್ನು ಪುಣೆಯ ನೋಂದಾಯಿತ ವರ್ತಕರೊಬ್ಬರು ಅದೇ ಇಳಕಲ್ಲಿನ ವ್ಯಾಪಾರಿಗೆ ಆರ್ಡರ್ ಕೊಟ್ಟು, ಸೀರೆಗಳನ್ನು ಬೆಳಗಾವಿಯಲ್ಲಿರುವ ತಮ್ಮ ಗ್ರಾಹಕರಿಗೆ ನೇರವಾಗಿ ತಲುಪಿಸುವಂತೆ ಸೂಚಿಸಿದರೆ ಲೆಕ್ಕ ಬದಲಾಗುತ್ತದೆ. ಆಗ ಸೂಚನೆ ಕೊಟ್ಟ ವರ್ತಕರ ಪ್ರಧಾನ ವ್ಯವಹಾರ ಸ್ಥಳವೇ ಪೂರೈಕೆಯ ಸ್ಥಳವಾಗುವುದರಿಂದ ಸಮಗ್ರ ತೆರಿಗೆ ವಿಧಿಸಬೇಕು. ಎರಡೂ ಸಂದರ್ಭಗಳಲ್ಲಿ ಊರುಗಳು ಅವೇ, ತೆರಿಗೆಯ ಶೀರ್ಷಿಕೆ ಬೇರೆ.

ಹೀಗಿರುವುದರಿಂದ ಬಿಲ್ಲಿನ ವಿಳಾಸ ಮತ್ತು ತಲುಪಿಸುವ ವಿಳಾಸ ಎಂಬ ಎರಡು ಭಾಗಗಳಿಗೆ ಅವಕಾಶವಿಟ್ಟು, ಪ್ರತಿಯೊಂದರಲ್ಲಿಯೂ ರಾಜ್ಯವನ್ನು ಆಯ್ಕೆಪಟ್ಟಿಯಿಂದ ಆರಿಸುವಂತೆ ಮಾಡಬೇಕು. ಬಹುಪಾಲು ಗ್ರಾಹಕರಿಗೆ ಇವೆರಡೂ ಒಂದೇ ಆಗಿರುವುದರಿಂದ 'ಎರಡೂ ವಿಳಾಸ ಒಂದೇ' ಎಂಬ ಗುರುತನ್ನು ಮೊದಲೇ ಹಾಕಿಟ್ಟಿರಬಹುದು. ಜಿಎಸ್‌ಟಿ ಸಂಖ್ಯೆಯ ಕಾಲಂ ಐಚ್ಛಿಕವಾಗಿರಬೇಕು. ಆ ಸಂಖ್ಯೆ 15 ಅಕ್ಷರಗಳದ್ದಾಗಿದ್ದು, ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಕೇರಳಕ್ಕೆ 32, ತಮಿಳುನಾಡಿಗೆ 33. ಬಿಲ್ಲಿನ ವಿಳಾಸದ ರಾಜ್ಯವೂ ಈ ಸಂಕೇತವೂ ತಾಳೆಯಾಗದಿದ್ದರೆ ಆರ್ಡರ್ ಮುಗಿಯುವ ಮೊದಲೇ ಗ್ರಾಹಕರ ಗಮನಕ್ಕೆ ತರಲು ಸಾಧ್ಯ.

ಪಿನ್ ಮತ್ತು ರಾಜ್ಯ ಪರಸ್ಪರ ಹೊಂದಬೇಕಾದ ಅಗತ್ಯ ಮುಂದಿನ ಹಂತದಲ್ಲಿಯೂ ಎದುರಾಗುತ್ತದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ನೋಂದಾಯಿತ ಗ್ರಾಹಕರ ವ್ಯವಹಾರದಲ್ಲಿ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, ಪಿನ್ ಆ ರಾಜ್ಯಕ್ಕೆ ಸೇರದಿದ್ದರೆ ಪೋರ್ಟಲ್ ಬಿಲ್ಲನ್ನು ಸ್ವೀಕರಿಸುವುದಿಲ್ಲ. 50 ಸಾವಿರ ರೂಪಾಯಿ ಮೀರಿದ ಸರಕಿನ ಇ-ವೇ ಬಿಲ್ಲಿನಲ್ಲಿ ಎರಡು ಪಿನ್‌ಗಳ ನಡುವಿನ ದೂರವನ್ನು ಪೋರ್ಟಲ್ ಲೆಕ್ಕಹಾಕುತ್ತದೆ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಬಿಲ್ಲಿನ ಅವಧಿ ನಿಗದಿಯಾಗುವುದರಿಂದ, ತಪ್ಪು ಪಿನ್ ದಾರಿಯ ಮಧ್ಯದಲ್ಲಿ ಲಾರಿಗೆ ತೊಂದರೆಯನ್ನು ತರಬಲ್ಲದು. ತೆರಿಗೆಯನ್ನು ತಪ್ಪು ಶೀರ್ಷಿಕೆಯಲ್ಲಿ ಕಟ್ಟಿದ್ದರೆ, ಸರಿಯಾದ ತೆರಿಗೆಯನ್ನು ಕಟ್ಟಿ ಮೊದಲು ಕಟ್ಟಿದ್ದನ್ನು ಮರುಪಾವತಿಯಾಗಿ ಕೇಳಬೇಕಾಗುತ್ತದೆ. ಸಣ್ಣ ಉದ್ಯಮಿಯ ದುಡಿಯುವ ಬಂಡವಾಳ ಅಷ್ಟು ಕಾಲ ಸಿಲುಕಿಕೊಳ್ಳುತ್ತದೆ.

ಊರಿನ ಹೆಸರಿನ ಸಮಸ್ಯೆ

ರಾಜ್ಯಗಳ ಪಟ್ಟಿ ಚಿಕ್ಕದು, ನಿಶ್ಚಿತವಾದುದು. ಆಯ್ಕೆಪಟ್ಟಿಗೆ ಅದು ಒಗ್ಗುತ್ತದೆ. ಊರುಗಳ ವಿಷಯ ಹಾಗಲ್ಲ. ನಗರಗಳ ಆಯ್ಕೆಪಟ್ಟಿ ಎಷ್ಟು ಉದ್ದವಾಗಿದ್ದರೂ ಅದರಲ್ಲಿ ಇಲ್ಲದ ಊರಿನ ಗ್ರಾಹಕ ಬಂದೇ ಬರುತ್ತಾನೆ. ಆತ ಹತ್ತಿರದ ನಗರವನ್ನು ಆರಿಸಿಕೊಂಡರೆ ಪೊಟ್ಟಣ ಆ ನಗರಕ್ಕೇ ಹೋಗುವ ಸಂಭವವಿದೆ.

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಆದರೂ ಬಿಜಾಪುರ, ಗುಲ್ಬರ್ಗಾ, ಬೆಳಗಾಂ ಎಂದು ಬರೆಯುವ ಗ್ರಾಹಕರು ಇಂದಿಗೂ ಇದ್ದಾರೆ. ಹೊಸ ಹೆಸರನ್ನಷ್ಟೇ ಬಲ್ಲ ತಂತ್ರಾಂಶ ಹಳೆಯದನ್ನು ತಪ್ಪೆನ್ನುತ್ತದೆ. ಮತ್ತೊಂದು ಕಡೆ, ಹೊಸ ಹೆಸರು ಬರೆದರೂ ಗೊಂದಲ ಪೂರ್ತಿಯಾಗಿ ತಪ್ಪುವುದಿಲ್ಲ. ಹಿಂದಿನ ಬಿಜಾಪುರವು ವಿಜಯಪುರವಾಗಿದೆ. ದೇವನಹಳ್ಳಿ ತಾಲ್ಲೂಕಿನಲ್ಲಿಯೂ ವಿಜಯಪುರವೆಂಬ ಪಟ್ಟಣವಿದೆ. ಛತ್ತೀಸಗಢದಲ್ಲಿ ಬಿಜಾಪುರವೆಂಬ ಜಿಲ್ಲೆಯೇ ಇದೆ. ಬಿಲಾಸಪುರವು ಛತ್ತೀಸಗಢದಲ್ಲಿಯೂ ಹಿಮಾಚಲ ಪ್ರದೇಶದಲ್ಲಿಯೂ ಇದೆ. ಪಿನ್ ಇದ್ದರೆ ಈ ಎಲ್ಲ ಸಂದರ್ಭಗಳಲ್ಲಿ ಊರು ಯಾವುದೆಂಬುದು ನಿಶ್ಚಯವಾಗುತ್ತದೆ. ಆದ್ದರಿಂದ ಊರಿನ ಹೆಸರನ್ನು ಗ್ರಾಹಕರು ಬರೆದಂತೆಯೇ ಸ್ವೀಕರಿಸಿ, ಪಿನ್‌ನಿಂದ ದೊರೆತ ಜಿಲ್ಲೆಯ ಹೆಸರನ್ನು ಪಕ್ಕದಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯ ಕ್ರಮ.

ಗ್ರಾಹಕರಿಗೇ ಬಿಡಬೇಕಾದ ಸಾಲುಗಳು

ಪಿನ್, ರಾಜ್ಯ, ಊರು ಮತ್ತು ಮೊಬೈಲ್ ಸಂಖ್ಯೆ ಪ್ರತ್ಯೇಕವಾದ ಮೇಲೆ ಉಳಿದುದನ್ನು ಎರಡು ಅಥವಾ ಮೂರು ಮುಕ್ತ ಸಾಲುಗಳಲ್ಲಿ ಪಡೆಯಬಹುದು. 'ಮನೆ ಅಥವಾ ನಿವೇಶನ ಸಂಖ್ಯೆ, ಕಟ್ಟಡ, ರಸ್ತೆ, ಬಡಾವಣೆ ಅಥವಾ ಹಳ್ಳಿ, ಅಂಚೆ, ತಾಲ್ಲೂಕು' ಎಂಬ ಸೂಚನೆಯೊಂದಿದ್ದರೆ ನಗರದವರೂ ಗ್ರಾಮಾಂತರದವರೂ ತಮಗೆ ಅನ್ವಯವಾಗುವುದನ್ನು ಬರೆಯುತ್ತಾರೆ. ಕ್ರಾಸಿಗೊಂದು, ಮೇನಿಗೊಂದು, ಬ್ಲಾಕಿಗೊಂದು ಕಾಲಂ ಇಡುವುದರಿಂದ ವ್ಯಾಪಾರಿಗೆ ಯಾವ ಪ್ರಯೋಜನವೂ ಇಲ್ಲ. ಕೊನೆಗೆ ಅವೆಲ್ಲವೂ ಪೊಟ್ಟಣದ ಚೀಟಿಯ ಮೇಲೆ ಒಂದೇ ಸಾಲಾಗಿ ಮುದ್ರಿತವಾಗುತ್ತವೆ.

ಗುರುತಿನ ಸ್ಥಳದ ಕಾಲಂ ನಮ್ಮ ದೇಶಕ್ಕೆ ವಿಶೇಷವಾಗಿ ಉಪಯುಕ್ತವಾದುದು. 'ಮಾರಮ್ಮನ ಗುಡಿಯ ಎದುರು', 'ಹಾಲಿನ ಡೈರಿಯ ಹಿಂದೆ' ಎಂಬ ಒಂದು ಮಾತು ಸಾಗಣೆಯ ಹುಡುಗನಿಗೆ ಮನೆ ಸಂಖ್ಯೆಗಿಂತ ಹೆಚ್ಚು ನೆರವಾಗುವುದುಂಟು. ಆದರೆ ಇದು ಐಚ್ಛಿಕವಾಗಿರಬೇಕು. ಕಡ್ಡಾಯ ಮಾಡಿದರೆ ಸ್ಪಷ್ಟ ವಿಳಾಸವುಳ್ಳವರು ಏನನ್ನಾದರೂ ಬರೆದು ಮುಗಿಸುತ್ತಾರೆ.

ಚಿಹ್ನೆಗಳ ಬಗ್ಗೆ ಉದಾರವಾಗಿರುವುದು ಅವಶ್ಯ. ಸರ್ವೆ ಸಂಖ್ಯೆ, ಉಪವಿಭಾಗವಾದ ನಿವೇಶನ ಇವುಗಳಲ್ಲಿ ಓರೆಗೆರೆ, ಅಡ್ಡಗೆರೆ, ಹ್ಯಾಶ್ ಚಿಹ್ನೆ ಸಹಜವಾಗಿ ಬರುತ್ತವೆ. 'ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ' ಎಂದು ತಡೆಯುವ ನಮೂನೆಯಲ್ಲಿ 12/3 ಎಂಬ ನಿವೇಶನ 123 ಆಗಿಬಿಡುತ್ತದೆ. ಸಾಲಿನ ಉದ್ದವೂ ಮುಖ್ಯ. ಇ-ಇನ್‌ವಾಯ್ಸ್ ನಮೂನೆಯಲ್ಲಿ ವಿಳಾಸದ ಒಂದು ಸಾಲಿಗೆ 100 ಅಕ್ಷರಗಳ ಮಿತಿಯಿದೆ. ಸಾಗಣೆ ಸಂಸ್ಥೆಯ ಚೀಟಿಗೂ ತನ್ನದೇ ಮಿತಿಯಿರುತ್ತದೆ. ಇವೆರಡರಲ್ಲಿ ಚಿಕ್ಕದನ್ನು ತಿಳಿದುಕೊಂಡು, ಅದನ್ನು ಮೀರಿದಾಗ ಗ್ರಾಹಕರಿಗೆ ತಿಳಿಸಬೇಕು. ಸದ್ದಿಲ್ಲದೆ ಕತ್ತರಿಸಿದರೆ ಸಾಲಿನ ಕೊನೆಯ ಪದ, ಬಹುಶಃ ಬಡಾವಣೆಯ ಹೆಸರೇ, ಕಾಣೆಯಾಗುತ್ತದೆ.

ಕನ್ನಡದಲ್ಲಿ ವಿಳಾಸ ಬರೆಯಲು ಬಯಸುವ ಗ್ರಾಹಕರ ವಿಷಯವನ್ನೂ ಪರಿಗಣಿಸಬೇಕು. ದತ್ತಸಂಚಯವು ಯೂನಿಕೋಡ್ ಅನ್ನು ಸ್ವೀಕರಿಸದಿದ್ದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ. ಜಾಲತಾಣ ಸಿದ್ಧವಾದ ದಿನವೇ ಕನ್ನಡದಲ್ಲಿ ಒಂದು ವಿಳಾಸ ತುಂಬಿ, ಅದು ಕಡತದಲ್ಲಿಯೂ ಮುದ್ರಿತ ಚೀಟಿಯಲ್ಲಿಯೂ ಸರಿಯಾಗಿ ಮೂಡುವುದೇ ಎಂದು ನೋಡಬೇಕು. ರಾಜ್ಯದೊಳಗಿನ ಬಟವಾಡೆಗೆ ಕನ್ನಡ ವಿಳಾಸದಿಂದ ಅನುಕೂಲವೇ ಆದರೂ, ಹೊರರಾಜ್ಯದ ವಿಂಗಡಣಾ ಕೇಂದ್ರಗಳಲ್ಲಿ ಅದನ್ನು ಓದುವವರು ಇರಲಾರರು. ಆದ್ದರಿಂದ ಹೊರರಾಜ್ಯದ ಪಿನ್ ಬಂದಾಗ ಇಂಗ್ಲಿಷಿನಲ್ಲಿಯೂ ವಿಳಾಸ ಬರೆಯುವಂತೆ ಕೋರಬಹುದು.

ತಪ್ಪನ್ನು ತಿಳಿಸುವ ರೀತಿ

ಕಾಲಂಗಳ ಆಯ್ಕೆಯಷ್ಟೇ ಅವುಗಳ ನಡವಳಿಕೆಯೂ ಮುಖ್ಯ. ಕಾಲಂನ ಹೆಸರು ಅದರ ಮೇಲ್ಭಾಗದಲ್ಲಿ ಸ್ಥಿರವಾಗಿರಬೇಕು. ಕಾಲಂನೊಳಗೆ ಮಸುಕಾಗಿ ಬರೆದ ಹೆಸರು ಅಕ್ಷರ ಒತ್ತಿದೊಡನೆ ಮಾಯವಾಗುವುದರಿಂದ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಬಂದವರಿಗೆ ಯಾವುದು ಯಾವ ಕಾಲಂ ಎಂಬುದೇ ತಿಳಿಯದು. ಮೊಬೈಲ್ ಫೋನಿನ ಕಿರಿದಾದ ಪರದೆಯಲ್ಲಿ ಕಾಲಂಗಳು ಒಂದರ ಕೆಳಗೊಂದು ಬರುವುದು ಓದಲು ಸುಲಭ.

ತಪ್ಪಾದಾಗ ಪುಟದ ತುದಿಯಲ್ಲಿ 'ಅಮಾನ್ಯ ಮಾಹಿತಿ' ಎಂದು ಕೆಂಪಕ್ಷರದಲ್ಲಿ ಹೇಳಿದರೆ ಸಾಲದು. 'ಪಿನ್‌ನಲ್ಲಿ 6 ಅಂಕಿಗಳಿರಬೇಕು. 5 ಮಾತ್ರ ಇವೆ' ಎಂದು ಆ ಕಾಲಂನ ಪಕ್ಕದಲ್ಲಿಯೇ ತಿಳಿಸಬೇಕು. ಒಂದು ತಪ್ಪಿಗಾಗಿ ಗ್ರಾಹಕರು ಆಗಲೇ ತುಂಬಿದ್ದೆಲ್ಲವೂ ಅಳಿಸಿಹೋಗುವಂತಿರಬಾರದು. ಆರ್ಡರ್ ಕೈಬಿಡುವುದಕ್ಕೆ ಇದಕ್ಕಿಂತ ಪ್ರಬಲವಾದ ಕಾರಣ ಬೇಕಿಲ್ಲ.

ಇಂದಿನ ಬ್ರೌಸರುಗಳು ಗ್ರಾಹಕರ ವಿಳಾಸವನ್ನು ನೆನಪಿಟ್ಟುಕೊಂಡು ತಾವೇ ತುಂಬಬಲ್ಲವು. ಇದು ಸರಿಯಾಗಿ ನಡೆಯಬೇಕಾದರೆ ಪ್ರತಿ ಕಾಲಂಗೂ ಎಚ್‌ಟಿಎಂಎಲ್ ಮಾನದಂಡದ 'ಆಟೋಕಂಪ್ಲೀಟ್' ಗುರುತನ್ನು ಕೊಟ್ಟಿರಬೇಕು. ವಿಳಾಸದ ಸಾಲುಗಳಿಗೆ, ಊರಿಗೆ, ರಾಜ್ಯಕ್ಕೆ, ಅಂಚೆ ಸಂಕೇತಕ್ಕೆ, ದೇಶಕ್ಕೆ ಬೇರೆಬೇರೆ ಗುರುತುಗಳಿವೆ. ಜಾಲತಾಣದ ತಂತ್ರಜ್ಞರಿಗೆ ಇದು ಅಲ್ಪಾವಧಿಯ ಕೆಲಸ. ಗ್ರಾಹಕರಿಗೆ ಬೆರಳಚ್ಚಿನ ಶ್ರಮವೂ, ಅದರೊಡನೆ ಅಕ್ಷರದೋಷವೂ ಕಡಿಮೆಯಾಗುತ್ತದೆ.

ಹೊರದೇಶದ ಗ್ರಾಹಕರು

ದುಬೈ, ಸಿಂಗಪುರ, ಅಮೆರಿಕ ಮುಂತಾದೆಡೆ ನೆಲೆಸಿರುವ ಕನ್ನಡಿಗರು ಊರಿನ ಸರಕಿಗೆ ಆರ್ಡರ್ ಕೊಡುವುದುಂಟು. ಆರು ಅಂಕಿಗಳ ಪಿನ್ ಕಡ್ಡಾಯವೆನ್ನುವ ನಮೂನೆ ಅವರಿಗೆ ಬಾಗಿಲು ಮುಚ್ಚಿದಂತೆಯೇ. ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಅಂಚೆ ಸಂಕೇತದ ಪದ್ಧತಿಯೇ ಇಲ್ಲ. ಎಮಿರೇಟ್ಸ್‌ನಲ್ಲಿ ಅಂಚೆಪೆಟ್ಟಿಗೆ ಸಂಖ್ಯೆ ಬಳಕೆಯಲ್ಲಿದೆ. ಬ್ರಿಟನ್ನಿನ ಸಂಕೇತದಲ್ಲಿ ಅಕ್ಷರಗಳೂ ಅಂಕಿಗಳೂ ಬೆರೆತಿರುತ್ತವೆ. ಸಿಂಗಪುರದಲ್ಲಿ ರಾಜ್ಯವೆಂಬುದಿಲ್ಲ. ಅಮೆರಿಕದ ನ್ಯೂಜೆರ್ಸಿಯ ಸಂಕೇತಗಳು ಸೊನ್ನೆಯಿಂದ ಆರಂಭವಾಗುತ್ತವೆ. ಎಡಿಸನ್ ಪಟ್ಟಣದ 08817 ಎಂಬುದನ್ನು ಲೆಕ್ಕದ ಹಾಳೆಯಲ್ಲಿ ಸಂಖ್ಯೆಯಾಗಿ ಉಳಿಸಿದರೆ 8817 ಆಗಿಬಿಡುತ್ತದೆ. ಆದ್ದರಿಂದ ಅಂಚೆ ಸಂಕೇತವನ್ನು ಎಂದಿಗೂ ಅಕ್ಷರರೂಪದಲ್ಲಿಯೇ ಸಂಗ್ರಹಿಸಬೇಕು.

ಹೊರದೇಶಕ್ಕೆ ಸರಕು ಕಳುಹಿಸುವವರು ದೇಶದ ಹೆಸರನ್ನು ಮೊದಲು ಕೇಳಿ, ಅದಕ್ಕೆ ತಕ್ಕಂತೆ ಉಳಿದ ಕಾಲಂಗಳು ಬದಲಾಗುವಂತೆ ಮಾಡುವುದು ಸರಿಯಾದ ಮಾರ್ಗ. ಭಾರತದೊಳಗೆ ಮಾತ್ರ ಮಾರುವವರಿಗೆ ದೇಶದ ಕಾಲಂ ಬೇಕಿಲ್ಲ.

ಹೆಚ್ಚು ಕೇಳಿದರೆ ಹೆಚ್ಚು ಹೊಣೆ

ಜನ್ಮದಿನಾಂಕ, ಮನೆಮಂದಿಯ ಸಂಖ್ಯೆ, ಉದ್ಯೋಗ ಮೊದಲಾದವನ್ನು ವಿಳಾಸದೊಡನೆಯೇ ಕೇಳಿಬಿಡುವ ಆಸೆ ಸಹಜ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ ಈ ಅಭ್ಯಾಸವನ್ನು ಮರುಪರಿಶೀಲಿಸಬೇಕಾಗಿದೆ. ಗ್ರಾಹಕರ ಸಮ್ಮತಿಯು ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಗೆ ಮಾತ್ರ ಅನ್ವಯವಾಗುತ್ತದೆಂಬುದು ಈ ಕಾಯ್ದೆಯ ತತ್ತ್ವ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗುವಂತೆ ರೂಪಿತವಾಗಿವೆ. ಮಾಹಿತಿಯ ರಕ್ಷಣೆಗೆ ತಕ್ಕ ಏರ್ಪಾಡು ಮಾಡದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಕೇಳದೇ ಬಿಟ್ಟ ಮಾಹಿತಿಯನ್ನು ಕಾಪಾಡುವ ಹೊಣೆ ಯಾರಿಗೂ ಇರುವುದಿಲ್ಲ. ಮೊಬೈಲ್ ಸಂಖ್ಯೆಯ ಪಕ್ಕದಲ್ಲಿ 'ಸರಕು ತಲುಪಿಸುವವರು ಕರೆ ಮಾಡಲು' ಎಂದು ಉದ್ದೇಶವನ್ನು ಬರೆದರೆ ಗ್ರಾಹಕರು ನಿಜವಾದ ಸಂಖ್ಯೆಯನ್ನೇ ಕೊಡುವ ಸಾಧ್ಯತೆ ಹೆಚ್ಚು.

ಅಂಚೆ ಇಲಾಖೆಯು ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದೊಡನೆ ರೂಪಿಸಿ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಡಿಜಿಪಿನ್ ಎಂಬ ಹೊಸ ಸಂಕೇತವನ್ನೂ ಇಲ್ಲಿ ಹೆಸರಿಸಬೇಕು. ದೇಶದ ಭೂಭಾಗವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ 10 ಅಕ್ಷರಗಳ ಸಂಕೇತ ನೀಡಲಾಗಿದೆ. ಮನೆ ಸಂಖ್ಯೆಯಿಲ್ಲದ ಹಳ್ಳಿಗೂ ತೋಟದ ಮನೆಗೂ ಇದು ಪ್ರಯೋಜನಕಾರಿ. ಆದರೆ ಇದು ಅಂಚೆ ವಿಳಾಸದ ಬದಲಿಗೆ ಬಂದುದಲ್ಲ, ಅದಕ್ಕೆ ಪೂರಕ ಮಾತ್ರ. ಹಾಗಾಗಿ ನಮೂನೆಯಲ್ಲಿ ಇದಕ್ಕೆ ಒಂದು ಐಚ್ಛಿಕ ಕಾಲಂ ಇಟ್ಟರೆ ಸಾಕು.

ಉದ್ಯಮಿಗಳು ಮಾಡಬಹುದಾದ ಪರೀಕ್ಷೆ

ಈ ಸುಧಾರಣೆಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಕಳೆದ ಆರು ತಿಂಗಳಲ್ಲಿ ಹಿಂತಿರುಗಿದ ಪೊಟ್ಟಣಗಳ ವಿಳಾಸಗಳನ್ನು ಒಂದೆಡೆ ಬರೆದು, ಪ್ರತಿಯೊಂದರಲ್ಲಿಯೂ ಏನು ಕಾಣೆಯಾಗಿತ್ತು, ಏನು ತಪ್ಪಾಗಿತ್ತು ಎಂದು ಗುರುತಿಸುವುದು ಮೊದಲ ಹೆಜ್ಜೆ. ಸರಕು ಕಳುಹಿಸುವ ಮೊದಲು ವಿಳಾಸಕ್ಕಾಗಿ ಗ್ರಾಹಕರಿಗೆ ಕರೆ ಮಾಡಬೇಕಾಗಿ ಬಂದ ಆರ್ಡರುಗಳನ್ನೂ ಈ ಪಟ್ಟಿಗೆ ಸೇರಿಸಬೇಕು. ಅನಂತರ ಐದು ಬಗೆಯ ವಿಳಾಸಗಳನ್ನು, ಎಂದರೆ ನಗರದ ಬಡಾವಣೆ, ತಾಲ್ಲೂಕಿನ ಹಳ್ಳಿ, ಮನೆ ಹೆಸರಿರುವ ತೋಟ, ಕೈಗಾರಿಕಾ ಪ್ರದೇಶ ಮತ್ತು ಸೇನಾ ಅಂಚೆ ಇವುಗಳನ್ನು, ಮೊಬೈಲ್ ಫೋನಿನಿಂದಲೇ ತಮ್ಮ ನಮೂನೆಯಲ್ಲಿ ತುಂಬಿ ನೋಡಬೇಕು. ಎಲ್ಲಿ ಸುಳ್ಳು ಉತ್ತರ ಬರೆಯದೆ ಮುಂದೆ ಸಾಗಲು ಆಗುವುದಿಲ್ಲವೋ ಆ ಕಾಲಂ ಅನ್ನು ತೆಗೆಯಬೇಕು ಅಥವಾ ಐಚ್ಛಿಕಗೊಳಿಸಬೇಕು. ಕೊನೆಯದಾಗಿ, ಅದೇ ಐದು ವಿಳಾಸಗಳ ಚೀಟಿಗಳನ್ನೂ ಬಿಲ್ಲುಗಳನ್ನೂ ಮುದ್ರಿಸಿ, ಚೀಟಿಗಳನ್ನು ಸಾಗಣೆಯವರಿಗೂ ಬಿಲ್ಲುಗಳನ್ನು ಲೆಕ್ಕಪರಿಶೋಧಕರಿಗೂ ಒಮ್ಮೆ ತೋರಿಸಿಕೊಳ್ಳುವುದು ಉಚಿತ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಯನ್ನು ಪುನರಾವರ್ತಿಸಿದಲ್ಲಿ, ಹಿಂತಿರುಗುವ ಪೊಟ್ಟಣಗಳ ಲೆಕ್ಕದಲ್ಲಿಯೇ ಅದರ ಫಲವನ್ನು ಉದ್ಯಮಿಗಳು ಕಾಣಬಹುದು.